ಕಟ್ಟಡದ ನಕ್ಷೆಯೂ ಕಿರುರೈಲಿನ ಮಾದರಿಯೂ: ಆಕರವಿಮರ್ಶೆಯ ಒಂದು ನಿದರ್ಶನ

ಕಟ್ಟಡವನ್ನು ಇತಿಹಾಸದ ಆಕರವೆಂದು ಗಣಿಸುವುದು ಹೊಸ ಮಾತಲ್ಲ. ಆದರೆ ಕಟ್ಟಡದ ನಕ್ಷೆಯನ್ನು, ಶಾಸನವೊಂದನ್ನು ಪರೀಕ್ಷಿಸುವಷ್ಟೇ ನಿಷ್ಠುರತೆಯಿಂದ ಪರೀಕ್ಷಿಸುವವರು ವಿರಳ. ಈ ಕಾರ್ಯವನ್ನು ವಿದ್ಯಾಪೀಠಗಳ ಹೊರಗೆ ನಡೆಸುತ್ತಿರುವ ಒಂದು ವರ್ಗವುಂಟು. ಅವರೇ ಕಿರುರೈಲುಗಳ ಮಾದರಿಗಳನ್ನು ನಿರ್ಮಿಸುವ ಹವ್ಯಾಸಿಗಳು. ಅವರ ಕಾರ್ಯವಿಧಾನದಿಂದ ಇತಿಹಾಸದ ವಿದ್ಯಾರ್ಥಿಯು ಕಲಿಯಬಹುದಾದುದನ್ನು ಸೂಚಿಸುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ಹವ್ಯಾಸಿಗಳಿಗೆ ಈ ಕಾರ್ಯದಲ್ಲಿ ಒದಗಿದ ಮುಖ್ಯ ಭಂಡಾರವೆಂದರೆ ಅಲ್ಲಿಯ ಐತಿಹಾಸಿಕ ಕಟ್ಟಡಗಳ ಸರ್ವೇಕ್ಷಣೆ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1933ರ ನವೆಂಬರಿನಲ್ಲಿ, ರಾಷ್ಟ್ರೀಯ ಉದ್ಯಾನ ಸೇವೆಯ ಚಾರ್ಲ್ಸ್ ಪೀಟರ್ಸನ್ ಎಂಬ ವಾಸ್ತುಶಿಲ್ಪಿಯು ನಿರುದ್ಯೋಗಿಗಳಾದ ತನ್ನ ಸಹೋದ್ಯೋಗಿಗಳಿಂದ ಹಳೆಯ ಕಟ್ಟಡಗಳನ್ನು ಅಳೆಯಿಸಿ ನಕ್ಷೆ ಬರೆಯಿಸುವ ಯೋಜನೆಯನ್ನು ಮುಂದಿಟ್ಟನು. 1969ರಲ್ಲಿ ಸೇತುವೆ, ಕಾರ್ಖಾನೆ, ರೈಲ್ವೆ ನಿರ್ಮಿತಿಗಳಿಗಾಗಿ ಇದೇ ಬಗೆಯ ಮತ್ತೊಂದು ದಾಖಲೆಕಾರ್ಯವು ಆರಂಭವಾಯಿತು. ಎರಡರ ಸಂಗ್ರಹವೂ ಕಾಂಗ್ರೆಸ್ ಗ್ರಂಥಾಲಯದಲ್ಲಿದ್ದು ಸರ್ವರಿಗೂ ಮುಕ್ತವಾಗಿದೆ.

ಈ ನಕ್ಷೆಗಳಲ್ಲಿ ಅನೇಕವು ಒಂದು ಅಡಿಗೆ ಕಾಲು ಅಂಗುಲದ ಪ್ರಮಾಣದಲ್ಲಿವೆ. ಅಂದರೆ ಕಟ್ಟಡದ 48ನೆಯ ಒಂದು ಪಾಲು. ಅಮೆರಿಕದ ‘ಓ’ ಪ್ರಮಾಣದ ಕಿರುರೈಲಿನ ಪ್ರಮಾಣವೂ ಇದೇ ಆಗಿರುವುದರಿಂದ ನಕ್ಷೆಯನ್ನೇ ಅಚ್ಚಾಗಿ ಬಳಸಬಹುದು. ಒಂದು ಅಡಿಗೆ ಮೂರೂವರೆ ಮಿಲಿಮೀಟರ್ ಲೆಕ್ಕದ ‘ಎಚ್‌ಓ’ ಪ್ರಮಾಣಕ್ಕಾದರೆ ಅದನ್ನು ಶೇಕಡಾ 55ಕ್ಕೆ ಕುಗ್ಗಿಸಬೇಕು. ಬಾಲ್ಟಿಮೋರ್ ನಗರದ ಮೌಂಟ್ ಕ್ಲೇರ್‌ನಲ್ಲಿ 1884ರಲ್ಲಿ ಫ್ರಾನ್ಸಿಸ್ ಬಾಲ್ಡ್ವಿನ್ ರಚಿಸಿದ, 22 ಭುಜಗಳುಳ್ಳ ಗಾಡಿಮನೆಯನ್ನು ತೆಗೆದುಕೊಳ್ಳೋಣ. ಅದರ ವ್ಯಾಸ 235 ಅಡಿ. ‘ಎಚ್‌ಓ’ ಪ್ರಮಾಣದಲ್ಲಿ ಅದು ಸುಮಾರು 82 ಸೆಂಟಿಮೀಟರ್. ಒಂದೊಂದು ಭುಜವೂ 12 ಸೆಂಟಿಮೀಟರಿಗೆ ತುಸು ಕಡಿಮೆ. ಸ್ಥಳಾಭಾವದಿಂದ ಹವ್ಯಾಸಿಯು ಭುಜಗಳ ಸಂಖ್ಯೆಯನ್ನೇ ತಗ್ಗಿಸುವುದುಂಟು. ಮೇಜಿನ ಮೇಲೆ ಅದು ಕ್ಷಮ್ಯವಾದರೂ ಅಂಥ ಮಾದರಿಯನ್ನು ಮುಂದಿನವರು ಪ್ರಮಾಣವೆಂದು ಗ್ರಹಿಸದಂತೆ ಆ ಬದಲಾವಣೆಯನ್ನು ಬರೆದಿಡುವುದು ಕರ್ತವ್ಯ.

ಇಲ್ಲಿ ಮುಖ್ಯವಾದ ಭೇದವೊಂದನ್ನು ಗಮನಿಸಬೇಕು. ಕಟ್ಟುವ ಮೊದಲು ಬರೆದ ನಕ್ಷೆಯು ಉದ್ದೇಶವನ್ನು ಹೇಳುತ್ತದೆ. ಕಟ್ಟಿದ ಮೇಲೆ ಅಳೆದು ಬರೆದ ನಕ್ಷೆಯು ಅಳೆದ ದಿನದ ಸ್ಥಿತಿಯನ್ನು ಹೇಳುತ್ತದೆ. ದಾನಶಾಸನದಲ್ಲಿ ಉಕ್ತವಾದ ಭೂಮಿಯೆಲ್ಲವೂ ಪ್ರತಿಗ್ರಹಿಯ ಕೈಸೇರಿತೆಂದು ನಾವು ಹೇಗೆ ಊಹಿಸಲಾರೆವೋ ಹಾಗೆಯೇ ನಕ್ಷೆಯಲ್ಲಿರುವ ಕಿಟಕಿಯೆಲ್ಲವೂ ಗೋಡೆಯಲ್ಲಿತ್ತೆಂದು ಊಹಿಸಲಾಗದು. ಹಣವು ಸಾಲದೆ ಕೈಬಿಟ್ಟ ಅಂಗಗಳೂ, ಬಳಿಕ ಸೇರಿದ ಕೋಣೆಗಳೂ, ಮುಚ್ಚಿದ ಬಾಗಿಲುಗಳೂ ಇರಬಹುದು. ಆದುದರಿಂದ ನಿಪುಣನಾದ ಹವ್ಯಾಸಿಯು ಮೊದಲು ತನ್ನ ಮಾದರಿಯ ವರ್ಷವನ್ನು ನಿಶ್ಚಯಿಸಿ, ಅನಂತರ ಆ ವರ್ಷಕ್ಕೆ ಸಮೀಪದ ಛಾಯಾಚಿತ್ರಗಳೊಡನೆ ನಕ್ಷೆಯನ್ನು ತಾಳೆನೋಡುತ್ತಾನೆ. ಬಣ್ಣ, ಮಸಿ, ಸವೆತಗಳ ವಿಷಯದಲ್ಲಿ ನಕ್ಷೆಯು ಬಹುಮಟ್ಟಿಗೆ ಮೌನವಾಗಿರುತ್ತದೆ.

ಮಾದರಿಯು ಮತ್ತೊಂದು ಉಪಕಾರವನ್ನೂ ಮಾಡುತ್ತದೆ. ಬರೆವಣಿಗೆಯಲ್ಲಿ ‘ಮೇಲಂತಸ್ತಿಗೆ ಮೆಟ್ಟಲಿತ್ತು’ ಎಂದು ಹೇಳಿ ಮುಂದುವರಿಯಬಹುದು. ಮಾದರಿಯಲ್ಲಿ ಆ ಮೆಟ್ಟಲು ಎಲ್ಲಿಯಾದರೂ ನಿಲ್ಲಲೇಬೇಕು. ತಲವಿನ್ಯಾಸದ ಅಗಲಕ್ಕೂ ಎದುರುನೋಟದ ಅಗಲಕ್ಕೂ ಹೊಂದಿಕೆಯಿಲ್ಲದಿದ್ದರೆ, ರಟ್ಟನ್ನು ಕತ್ತರಿಸಿ ಜೋಡಿಸುವಾಗ ದೋಷವು ಬಯಲಾಗುತ್ತದೆ.

ಇದನ್ನು ಕೇವಲ ವಿನೋದವೆಂದು ತಳ್ಳಿಹಾಕಲಾಗದು. 1925ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದ ರಾಯ್ ಇಂಗ್ಲೆಂಡ್ ಎಂಬಾತನು ವೈಟ್ ಹಾರ್ಸ್ ಕಣಿವೆಯ ಹುಲ್ಲುಮಾಡಿನ ಮನೆಗಳು ಕಣ್ಣೆದುರಿಗೇ ಮಾರ್ಪಡುತ್ತಿರುವುದನ್ನು ಕಂಡು, ಅವುಗಳನ್ನು ಅಳೆದು ಮಾದರಿಗಳನ್ನು ರಚಿಸತೊಡಗಿದನು. 1954ರಲ್ಲಿ ಆತನು ಸ್ಥಾಪಿಸಿದ ಪೆಂಡನ್ ವಸ್ತುಸಂಗ್ರಹಾಲಯವು ಕಿರುರೈಲಿನ ಸುತ್ತ 1920–30ರ ದಶಕಗಳ ಗ್ರಾಮಜೀವನವನ್ನು ಉಳಿಸಿಕೊಂಡಿದೆ. ಮೇಲೆ ಹೇಳಿದ ಮೌಂಟ್ ಕ್ಲೇರ್ ಗಾಡಿಮನೆಯೇ 2003ರ ಫೆಬ್ರವರಿಯಲ್ಲಿ ಹಿಮದ ಭಾರಕ್ಕೆ ಮಾಡಿನ ಅರ್ಧದಷ್ಟನ್ನು ಕಳೆದುಕೊಂಡಿತು. ದುರಸ್ತಿಯಾಗಿ 2004ರಲ್ಲಿ ಪುನಃ ತೆರೆಯಿತು. ಶತಮಾನ ನಿಂತ ಕಟ್ಟಡವೂ ಒಂದು ರಾತ್ರಿಯಲ್ಲಿ ಕುಸಿಯಬಲ್ಲುದು.

ಕಟ್ಟಡವು ಅಳಿದ ಮೇಲೆ ಅಳತೆಗೆ ಅವಕಾಶವಿಲ್ಲ. ಕಾಲೇಜಿನ ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಹಳೆಯ ಕಟ್ಟಡವನ್ನಾದರೂ ಪಟ್ಟಿ ಹಿಡಿದು ಅಳೆದು, ಅಳೆದ ದಿನಾಂಕವನ್ನು ನಮೂದಿಸಿ, ರಟ್ಟಿನಲ್ಲಿ ಕಟ್ಟಿನೋಡುವುದಾದರೆ, ಆಕರವಿಮರ್ಶೆಯ ಪಾಠವು ಅವರಿಗೆ ಕೈಯಿಂದಲೇ ಮನಗತವಾದೀತು.