ಮೊದಲ ರ‍್ಯಾಂಕ್ ಬಂದ ಮೇಲೆ

1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಫಲಿತಾಂಶ ಬಂದಾಗ ಮೆರಿಟ್ ಪಟ್ಟಿಯಲ್ಲಿ ಮೊದಲ ಹೆಸರು ಕಮಲಾ ಭಾಗವತ್ ಅವರದು. ಮುಖ್ಯ ವಿಷಯ ರಸಾಯನಶಾಸ್ತ್ರ, ಜೊತೆಗೆ ಭೌತಶಾಸ್ತ್ರ. ಮುಂದೆ ಮರಾಠಿಯ ದೊಡ್ಡ ಲೇಖಕಿಯಾಗಿ, 1975ರಲ್ಲಿ ಕರಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ ತುರ್ತುಪರಿಸ್ಥಿತಿಯ ವಿರುದ್ಧ ದನಿಯೆತ್ತಿದ ದುರ್ಗಾ ಭಾಗವತ್ ಈಕೆಯ ಅಕ್ಕ.

ಅಂದಿನ ಬೊಂಬಾಯಿಯಲ್ಲಿ ವಿಜ್ಞಾನದ ಪದವಿ ಓದಲು ಜಾಗಕ್ಕೆ ಕೊರತೆಯಿರಲಿಲ್ಲ. 1857ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ ಬಹುಕಾಲ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿತ್ತು. ಪಾಠ ನಡೆಯುತ್ತಿದ್ದದ್ದು ಎಲ್ಫಿನ್‌ಸ್ಟನ್, ವಿಲ್ಸನ್, ಸೇಂಟ್ ಝೇವಿಯರ್ಸ್‌ನಂಥ ಕಾಲೇಜುಗಳಲ್ಲಿ. 1920ರಲ್ಲಿ ಕೋಟೆ ಪ್ರದೇಶದಲ್ಲಿ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಶುರುವಾಯಿತು. ಕಾವಸ್‌ಜಿ ಜಹಾಂಗೀರ್, ಜೇಕಬ್ ಸಸೂನ್, ಕರೀಮ್‌ಭಾಯ್ ಇಬ್ರಾಹಿಂ, ವಸನ್‌ಜಿ ಮೂಲ್‌ಜಿ ಇವರು ಕೊಟ್ಟ ಹಣ ಅದರ ಕಟ್ಟಡಕ್ಕೆ ಆಧಾರವಾಯಿತು. ಪಾರ್ಸಿ, ಯಹೂದಿ, ಮುಸ್ಲಿಂ, ಹಿಂದೂ ವರ್ತಕರ ದುಡ್ಡು ಒಂದೇ ಪ್ರಯೋಗಶಾಲೆಗೆ ಹರಿದುಬಂದಿತ್ತು. ಹೋಮಿ ಭಾಭಾ ಕೇಂಬ್ರಿಜ್‌ಗೆ ಹೋಗುವ ಮೊದಲು ಓದಿದ್ದು ಇಲ್ಲೇ.

ಪದವಿಯ ಆಚೆ ಸಂಶೋಧನೆ ಮಾಡಬೇಕೆನ್ನುವವರ ಕಣ್ಣು ಮಾತ್ರ ಬೆಂಗಳೂರಿನತ್ತ ಇರುತ್ತಿತ್ತು. ಜಮ್‌ಶೇಟ್‌ಜಿ ಟಾಟಾ ಅವರ ದತ್ತಿಯಿಂದ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಾಗದಲ್ಲಿ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನವರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುತ್ತಾರೆ. ಕಮಲಾ ಅವರ ತಂದೆ ನಾರಾಯಣರಾವ್, ಚಿಕ್ಕಪ್ಪ ಮಾಧವರಾವ್ ಇಬ್ಬರೂ ಅಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಮಗಳೂ ಅಲ್ಲಿಗೆ ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು. ಆಗ ನಿರ್ದೇಶಕರಾಗಿದ್ದವರು ಮೂರು ವರ್ಷದ ಹಿಂದಷ್ಟೇ ನೊಬೆಲ್ ಪಡೆದಿದ್ದ ಸಿ.ವಿ. ರಾಮನ್. ಅಂಕ ಕಡಿಮೆಯೆಂದಲ್ಲ, ಹೆಣ್ಣೆಂಬ ಕಾರಣಕ್ಕೆ ಅವರು ಬೇಡವೆಂದರು.

ಪದವಿ ಪರೀಕ್ಷೆಗೂ ಸಂಶೋಧನಾ ಪ್ರವೇಶಕ್ಕೂ ಇದ್ದ ವ್ಯತ್ಯಾಸ ಇಲ್ಲಿ ಬಯಲಾಗುತ್ತದೆ. ಪರೀಕ್ಷೆಯಲ್ಲಿ ಬೆಲೆ ಕಟ್ಟುತ್ತಿದ್ದುದು ಉತ್ತರಗಳಿಗೆ. ಸಂಶೋಧನಾ ಸಂಸ್ಥೆಯ ಬಾಗಿಲಲ್ಲಿ ನಿಂತಿದ್ದದ್ದು ಒಬ್ಬ ವ್ಯಕ್ತಿಯ ಮರ್ಜಿ. ಎಲ್ಲರಿಗಿಂತ ಮೇಲಿನ ಅಂಕವೂ ಅಲ್ಲಿ ಸಾಲಲಿಲ್ಲ.

ಕಮಲಾ ಬೆಂಗಳೂರಿಗೇ ಹೋಗಿ, ಕಾರಣ ಕೇಳಿ, ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದರು. ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತುಗಳ ಸಮೇತ. ಮೊದಲ ವರ್ಷ ಪೂರ್ಣ ವಿದ್ಯಾರ್ಥಿನಿಯಲ್ಲ, ಪರೀಕ್ಷಾರ್ಥ ಮಾತ್ರ. ಮಾರ್ಗದರ್ಶಕರು ಹೇಳಿದಷ್ಟು ಹೊತ್ತು, ರಾತ್ರಿಯಾದರೂ, ದುಡಿಯಬೇಕು. ಪ್ರಯೋಗಶಾಲೆಯ ವಾತಾವರಣ ಕೆಡಿಸಬಾರದು. ಕೊನೆಯ ಷರತ್ತಿನ ಅರ್ಥ, ಅಲ್ಲಿರುವ ಗಂಡಸರ ಗಮನ ಚದುರದಂತೆ ನೋಡಿಕೊಳ್ಳುವ ಹೊಣೆಯೂ ಆಕೆಯದೇ ಎಂದು.

ಎಂ. ಶ್ರೀನಿವಾಸಯ್ಯನವರು ಕಟ್ಟುನಿಟ್ಟಿನ ಗುರು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ಕೆಲಸ ಮಾಡಿದರು. ವರ್ಷ ತುಂಬುವಷ್ಟರಲ್ಲಿ ರಾಮನ್ ಒಪ್ಪಿದರು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ದಾರಿಯಾಯಿತು. 1936ರಲ್ಲಿ ಎಂ.ಎಸ್ಸಿ., ಅಲ್ಲಿಂದ ಕೇಂಬ್ರಿಜ್. ಆಲೂಗೆಡ್ಡೆಯ ಮೇಲೆ ಕೆಲಸ ಮಾಡುತ್ತ, ಜೀವಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನ್ ಸಾಗಿಸುವ ‘ಸೈಟೋಕ್ರೋಮ್ ಸಿ’ ಸಸ್ಯಗಳಲ್ಲೂ ಇದೆಯೆಂದು ತೋರಿಸಿ 1939ರಲ್ಲಿ ಪಿಎಚ್.ಡಿ. ಪಡೆದರು. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಇವರೇ ಎಂದು ಅಲ್ಲಲ್ಲಿ ಬರೆಯುವುದುಂಟು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಅಮೆರಿಕದ ಮಿಷಿಗನ್‌ನಲ್ಲಿ ಅದನ್ನು ಪಡೆದಿದ್ದರು. ‘ಮೊದಲಿಗರು’ ಎಂಬ ಪಟ್ಟ ಇಲ್ಲದಿದ್ದರೂ ಕಮಲಾ ಅವರ ಸಾಧನೆ ಕುಂದುವುದಿಲ್ಲ.

ತೆರೆದ ಬಾಗಿಲು ಎಷ್ಟು ತೆರೆದಿತ್ತು ಎಂಬುದಕ್ಕೆ ಅಣ್ಣಾ ಮಣಿ ಅವರ ಕಥೆ ಸಾಕ್ಷಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್ ಮುಗಿಸಿದ ಅವರು 1940ರಲ್ಲಿ ಅದೇ ಸಂಸ್ಥೆಗೆ, ಅದೇ ರಾಮನ್ ಅವರ ಪ್ರಯೋಗಶಾಲೆಗೆ ಬಂದರು. ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳ ಬಗ್ಗೆ ವರ್ಷಗಟ್ಟಲೆ ದುಡಿದು ಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಇಲ್ಲವೆಂದು ಮದರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಮುಂದೆ ಅವರು ಹವಾಮಾನ ಇಲಾಖೆಯಲ್ಲಿ ದೇಶದ ಉಪಕರಣಗಳ ಗುಣಮಟ್ಟವನ್ನೇ ಕಟ್ಟಿ ನಿಲ್ಲಿಸಿದರು. ಒಬ್ಬರಿಗೆ ಪದವಿಯಿದ್ದೂ ಪ್ರವೇಶ ಸಿಗಲಿಲ್ಲ. ಇನ್ನೊಬ್ಬರಿಗೆ ಪ್ರವೇಶ ಸಿಕ್ಕಿ, ಕೆಲಸ ಮುಗಿಸಿದರೂ ಪದವಿ ಸಿಗಲಿಲ್ಲ.

ಕಮಲಾ ದೆಹಲಿ, ಕೂನೂರುಗಳಲ್ಲಿ ಕೆಲಸ ಮಾಡಿ, 1947ರಲ್ಲಿ ಎಂ.ವಿ. ಸೊಹೋನಿ ಅವರನ್ನು ಮದುವೆಯಾಗಿ ಬೊಂಬಾಯಿಗೆ ಮರಳಿದರು. ರಾಯಲ್ ಇನ್‌ಸ್ಟಿಟ್ಯೂಟ್‌ನ ಜೀವರಸಾಯನ ವಿಭಾಗ ಸೇರಿ, ವಿದ್ಯಾರ್ಥಿಗಳೊಡನೆ ಬಡವರು ತಿನ್ನುವ ಆಹಾರದ ಪೌಷ್ಟಿಕತೆಯನ್ನು ಅಳೆದರು. ತಾಳೆಜಾತಿಯ ಮರಗಳಿಂದ ಇಳಿಸುವ ನೀರಾ ಅವುಗಳಲ್ಲೊಂದು. ಆ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಸಂಸ್ಥೆಯ ನಿರ್ದೇಶಕರ ಕುರ್ಚಿಯೂ ಕೊನೆಗೆ ದಕ್ಕಿತು. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬೇಡವೆನ್ನಬೇಕು ಎಂದು ತೀರ್ಮಾನಿಸುವಂಥದ್ದೇ ಕುರ್ಚಿ ಅದು. ಆದರೂ 1933ರ ಅವಮಾನ ಅವರಿಗೆ ಮರೆಯಲಿಲ್ಲ. ರಾಮನ್ ದೊಡ್ಡ ವಿಜ್ಞಾನಿಯಾದರೂ ಈ ವಿಷಯದಲ್ಲಿ ಮನಸ್ಸು ಸಣ್ಣದಾಗಿತ್ತು ಎಂದು ಇಳಿವಯಸ್ಸಿನಲ್ಲೂ ಸಭೆಯಲ್ಲಿ ನೇರವಾಗಿಯೇ ಹೇಳಿದರು.