‘ಅಕಾಡೆಮಿ’ ಎಂಬ ಪದದ ಮೂಲನೆಲೆ

ಇಂದು ನಮ್ಮ ನಾಡಿನಲ್ಲಿ ‘ಅಕಾಡೆಮಿ’ ಎಂಬ ಮಾತು ಎಲ್ಲರ ಬಾಯಲ್ಲಿಯೂ ಇದೆ. ಸಾಹಿತ್ಯಕ್ಕೆ ಅಕಾಡೆಮಿ, ಸಂಗೀತಕ್ಕೆ ಅಕಾಡೆಮಿ. ಕುಸ್ತಿ, ಕರಾಟೆ ಕಲಿಸುವವರೂ ತಮ್ಮ ಶಾಲೆಯ ಫಲಕದ ಮೇಲೆ ಇದನ್ನೇ ಬರೆಯಿಸುತ್ತಾರೆ. ವಿದ್ವಾಂಸರ ಪದವು ಮಲ್ಲರ ಪಾಲಾಯಿತೆಂದು ನಗುವ ಪಂಡಿತರುಂಟು. ಪದದ ಇತಿಹಾಸವನ್ನು ನೋಡಿದರೆ ಆ ನಗೆಗೆ ಆಧಾರವಿಲ್ಲ.

ಮೂಲತಃ ಇದು ಸಂಸ್ಥೆಯ ಹೆಸರಲ್ಲ, ಸ್ಥಳದ ಹೆಸರು. ಗ್ರೀಸ್ ದೇಶದ ಅಥೆನ್ಸ್ ನಗರದ ಕೋಟೆಯ ಹೊರಗೆ, ವಾಯವ್ಯ ದಿಕ್ಕಿನಲ್ಲಿ, ‘ಅಕಾಡೆಮಿಯಾ’ ಎಂಬ ತೋಪೊಂದಿತ್ತು. ಅಕಾಡೆಮಸ್ ಎಂಬ ಪುರಾಣವೀರನಿಂದ ಈ ಹೆಸರು ಬಂದಿತೆಂಬುದು ಗ್ರೀಕರ ನಂಬಿಕೆ. ಥೀಸಿಯಸ್ ಅಪಹರಿಸಿದ ಹೆಲೆನಳನ್ನು ಬಚ್ಚಿಟ್ಟಿದ್ದ ತಾಣವನ್ನು ಅವಳ ಸಹೋದರರಿಗೆ ತಿಳಿಸಿದವನು ಇವನಂತೆ. ಆ ಉಪಕಾರವನ್ನು ನೆನೆದು, ಸ್ಪಾರ್ಟಾದವರು ಮುಂದೆ ದಂಡೆತ್ತಿ ಬಂದಾಗಲೆಲ್ಲ ಆ ತೋಪನ್ನು ಮುಟ್ಟಲಿಲ್ಲವೆಂದು ಪ್ಲೂಟಾರ್ಕನು ಬರೆದಿದ್ದಾನೆ. ಕಥೆ ಹಾಗಿರಲಿ, ಅಲ್ಲಿ ಅಥೀನಾ ದೇವಿಯ ಪವಿತ್ರವಾದ ಆಲಿವ್ ಮರಗಳೂ ಒಂದು ವ್ಯಾಯಾಮಶಾಲೆಯೂ ಇದ್ದುದು ನಿಜ. ಕ್ರಿ.ಪೂ. 5ನೆಯ ಶತಮಾನದಲ್ಲಿ ಕಿಮೋನನೆಂಬ ದಂಡನಾಯಕನು ನೀರಿಲ್ಲದ ಆ ನೆಲಕ್ಕೆ ನೀರು ತರಿಸಿ, ನೆರಳಿನ ಹಾದಿಗಳನ್ನೂ ಓಟದ ಪಥಗಳನ್ನೂ ಮಾಡಿಸಿದನು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಗರಡಿ!

ಕ್ರಿ.ಪೂ. 387ರ ಸುಮಾರಿಗೆ ಪ್ಲೇಟೋ ಅಲ್ಲಿ ಶಿಷ್ಯರಿಗೆ ಬೋಧಿಸತೊಡಗಿದನು. ಹದಿನೇಳರ ತರುಣನಾಗಿ ಬಂದ ಅರಿಸ್ಟಾಟಲ್ 20 ವರ್ಷ ಅಲ್ಲಿಯೇ ಉಳಿದನು. ಕ್ರಮೇಣ ತಾಣದ ಹೆಸರೇ ಗುರುಕುಲದ ಹೆಸರಾಯಿತು. ಅರಿಸ್ಟಾಟಲ್ ಮುಂದೆ ಬೋಧಿಸಿದ ‘ಲೈಸಿಯಂ’ ಕೂಡ ವ್ಯಾಯಾಮಶಾಲೆಯಿದ್ದ ಸ್ಥಳವೇ. ಫ್ರೆಂಚರು ತಮ್ಮ ಪ್ರೌಢಶಾಲೆಯನ್ನು ‘ಲೀಸೇ’ ಎನ್ನುವುದು ಅದರಿಂದಲೇ.

ಪ್ಲೇಟೋವಿನ ಪೀಠವು 900 ವರ್ಷ ಅವಿಚ್ಛಿನ್ನವಾಗಿ ನಡೆಯಿತೆಂದು ಹಲವು ಗ್ರಂಥಗಳು ಹೇಳುತ್ತವೆ. ಇದು ಒಪ್ಪತಕ್ಕ ಮಾತಲ್ಲ. ರೋಮಿನ ಸೇನಾನಿ ಸುಲ್ಲಾ ಅಥೆನ್ಸನ್ನು ಮುತ್ತಿ ಕ್ರಿ.ಪೂ. 86ರಲ್ಲಿ ಗೆದ್ದನು, ಮುತ್ತಿಗೆಯ ಯಂತ್ರಗಳಿಗೆ ಮರ ಬೇಕೆಂದು ಆ ತೋಪನ್ನೇ ಕಡಿಸಿದನು. ಪೀಠದ ಆಚಾರ್ಯ ಫಿಲೋ ಅದಕ್ಕೆ ಮೊದಲೇ ರೋಮನ್ನು ಸೇರಿದ್ದನು. ಕ್ರಿ.ಶ. 529ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಆಜ್ಞೆಯಿಂದ ನಿಂತುಹೋದದ್ದು ಶತಮಾನಗಳ ಅನಂತರ ಹೊಸದಾಗಿ ಹುಟ್ಟಿ, ಪ್ಲೇಟೋವಿನ ಉತ್ತರಾಧಿಕಾರವನ್ನು ಹೇಳಿಕೊಂಡ ಬೇರೊಂದು ಶಾಲೆ. ಗುರುಪರಂಪರೆಯ ಪಟ್ಟಿಗಳನ್ನು ಶಾಸನಗಳೊಡನೆ ಹೋಲಿಸಿ ನೋಡಿದವರಿಗೆ ಇಂಥ ಜೋಡಣೆ ಹೊಸದೇನೂ ಅಲ್ಲ.

15ನೆಯ ಶತಮಾನದಲ್ಲಿ ಇಟಲಿಯ ವಿದ್ವಾಂಸರು ಈ ಹೆಸರಿಗೆ ಮರುಜೀವ ಕೊಟ್ಟರು. 1635ರಲ್ಲಿ ಫ್ರೆಂಚ್ ಅಕಾಡೆಮಿಯು ರಾಜಮುದ್ರೆಯನ್ನು ಪಡೆದಾಗ ಗುರುಶಿಷ್ಯರ ತಾಣವೆಂಬ ಅರ್ಥವು ಹಿಂದೆ ಸರಿದು, ಭಾಷೆಯನ್ನು ತೂಗಿ ನೋಡುವ ಪ್ರತಿಷ್ಠಿತರ ಸಭೆಯೆಂಬ ಅರ್ಥವು ಮುಂದೆ ಬಂದಿತು. 1954ರಲ್ಲಿ ದೆಹಲಿಯಲ್ಲಿ ಸಾಹಿತ್ಯ ಅಕಾಡೆಮಿಯು ಉದ್ಘಾಟನೆಗೊಂಡಾಗ ನಮಗೆ ದೊರೆತದ್ದು ಹೆಚ್ಚಾಗಿ ಈ ಎರಡನೆಯ ಅರ್ಥ.

ಅಥೆನ್ಸಿನ ಆ ಬಡಾವಣೆಗೆ ಈಗಲೂ ‘ಪ್ಲೇಟೋವಿನ ಅಕಾಡೆಮಿ’ ಎಂದೇ ಹೆಸರು. ಅಲ್ಲಿನ ಸಾರ್ವಜನಿಕ ಉದ್ಯಾನದ ಮರಗಳ ನಡುವೆ, ಉತ್ಖನನದಲ್ಲಿ ದೊರೆತ ವ್ಯಾಯಾಮಶಾಲೆಯೊಂದರ ತಳಪಾಯ ಕಾಣುತ್ತದೆ.