ಕಣ್ಣಿನ ಶುಷ್ಕತೆಗೆ ಕೃತಕ ಕಣ್ಣೀರು: ಬಾಟಲಿಯ ಮೇಲಿನ ಬರಹವನ್ನೂ ಓದಿ

ಕಣ್ಣಿನಲ್ಲಿ ಮರಳು ಬಿದ್ದಂತಹ ಕಿರಿಕಿರಿ, ಉರಿ, ಓದುವಾಗ ಮಸುಕಾಗಿ ರೆಪ್ಪೆ ಬಡಿದೊಡನೆ ತಿಳಿಯಾಗುವ ನೋಟ. ಇವು ವೈದ್ಯರು ‘ಡ್ರೈ ಐ’ ಎಂದು ಕರೆಯುವ ಕಣ್ಣಿನ ಶುಷ್ಕತೆಯ ಲಕ್ಷಣಗಳು. ವಿಚಿತ್ರವೆಂದರೆ, ಕೆಲವರ ಕಣ್ಣಿನಿಂದ ಇದೇ ಕಾರಣಕ್ಕೆ ನೀರು ಸುರಿಯುವುದೂ ಉಂಟು. ಉರಿ ತಾಳಲಾರದೆ ಕಣ್ಣು ಸುರಿಸುವ ಆ ನೀರು ಕಣ್ಣಿನ ಮೇಲೆ ನಿಲ್ಲದೆ ಹರಿದುಹೋಗುತ್ತದೆ.

ಕಣ್ಣೀರಿನ ಪೊರೆಯಲ್ಲಿ ಲೋಳೆ, ನೀರು ಹಾಗೂ ಎಣ್ಣೆಯ ಅಂಶಗಳಿವೆ. ನೀರಿನ ಉತ್ಪತ್ತಿ ಕುಂದಿದರೆ ಅಥವಾ ರೆಪ್ಪೆಯಂಚಿನ ಎಣ್ಣೆಗ್ರಂಥಿಗಳು ಕಟ್ಟಿಕೊಂಡು ನೀರು ಬೇಗ ಆವಿಯಾದರೆ ಕಣ್ಣು ಒಣಗುತ್ತದೆ. ವಯಸ್ಸು, ಮುಟ್ಟು ನಿಲ್ಲುವಿಕೆ, ಸಂಧಿವಾತ, ಅಲರ್ಜಿಯ ಮಾತ್ರೆ, ಹವಾನಿಯಂತ್ರಿತ ಕೊಠಡಿ ಇವೆಲ್ಲ ಕಾರಣವಾಗಬಲ್ಲವು. ಕಂಪ್ಯೂಟರ್ ಅಥವಾ ಮೊಬೈಲ್ ಪರದೆ ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದೂ ಕಡಿಮೆ.

ಔಷಧ ಅಂಗಡಿಯ ಕೃತಕ ಕಣ್ಣೀರಿನಲ್ಲಿ ಸಾಮಾನ್ಯವಾಗಿ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಇಲ್ಲವೇ ಸೋಡಿಯಂ ಹಯಾಲುರೊನೇಟ್ ಇರುತ್ತದೆ. ಇವು ತೇವವನ್ನು ಹಿಡಿದಿಡುತ್ತವೆಯೇ ಹೊರತು ಮೂಲ ಕಾರಣವನ್ನು ನಿವಾರಿಸವು. ಆದ್ದರಿಂದ ಉರಿ ಬಂದಾಗ ಮಾತ್ರವಲ್ಲದೆ ವೈದ್ಯರು ಹೇಳಿದಷ್ಟು ಸಲ ತಪ್ಪದೆ ಹಾಕಿಕೊಳ್ಳಬೇಕು. ಒಂದು ಬಾರಿಗೆ ಒಂದೇ ಹನಿ ಸಾಕು; ಎರಡನೆಯದು ಕೆನ್ನೆಯ ಪಾಲು. ಬೇರೆ ಹನಿಯೂ ಇದ್ದರೆ ನಡುವೆ ಐದು ನಿಮಿಷ ಬಿಡಬೇಕು. ದಪ್ಪನೆಯ ಜೆಲ್ ನೋಟವನ್ನು ಮಸುಕಾಗಿಸುವುದರಿಂದ ಮಲಗುವ ಮುನ್ನ ಹಾಕುವುದು ಲೇಸು.

ಬಹುತೇಕರು ಗಮನಿಸದಿರುವುದು ಸಂರಕ್ಷಕವನ್ನು. ಅನೇಕ ಬಾಟಲಿಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ರೋಗಾಣುಗಳನ್ನು ಕೊಲ್ಲುತ್ತದೆ. ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಪದರದ ಕೋಶಗಳಿಗೂ ಹಾನಿ ಮಾಡುತ್ತದೆ. ದಿನಕ್ಕೆ ನಾಲ್ಕಾರು ಬಾರಿಗಿಂತ ಹೆಚ್ಚು ಹಾಕಬೇಕಾದವರಿಗೆ ಸಂರಕ್ಷಕರಹಿತ ಹನಿಯೇ ಸೂಕ್ತ. ಬೆಲೆ ತುಸು ಹೆಚ್ಚು, ಎಚ್ಚರವೂ ಹೆಚ್ಚು ಬೇಕು. 2022–23ರಲ್ಲಿ ಅಮೆರಿಕದ 18 ರಾಜ್ಯಗಳ 81 ಮಂದಿಗೆ ಔಷಧಕ್ಕೆ ಬಗ್ಗದ ಸೂಡೊಮೊನಾಸ್ ಬ್ಯಾಕ್ಟೀರಿಯಾ ಸೋಂಕು ತಗುಲಿ, ನಾಲ್ವರು ಮೃತಪಟ್ಟರು. 14 ಮಂದಿ ದೃಷ್ಟಿ ಕಳೆದುಕೊಂಡರು. ಭಾರತದಲ್ಲಿ ತಯಾರಾದ ಸಂರಕ್ಷಕರಹಿತ ಕೃತಕ ಕಣ್ಣೀರಿನೊಂದಿಗೆ ಇದರ ನಂಟನ್ನು ಅಲ್ಲಿನ ಆರೋಗ್ಯ ಇಲಾಖೆ ಗುರುತಿಸಿತು. ಒಂದೇ ಸಲಕ್ಕೆಂದು ಬರುವ ಪುಟ್ಟ ಕೊಳವೆಯಲ್ಲಿ ಉಳಿದದ್ದನ್ನು ಮರುದಿನಕ್ಕೆ ಇಡಬಾರದು. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಸಾಮಾನ್ಯ ಬಾಟಲಿಯನ್ನು ತೆರೆದ ಒಂದು ತಿಂಗಳಲ್ಲಿ ಎಸೆಯಬೇಕು.

ಕಣ್ಣಿನ ಕೆಂಪು ತೆಗೆಯುವ ಹನಿಗಳು ಕೃತಕ ಕಣ್ಣೀರಲ್ಲ. ಅವು ರಕ್ತನಾಳಗಳನ್ನು ಕುಗ್ಗಿಸುತ್ತವೆ, ಬಿಟ್ಟರೆ ಕೆಂಪು ಮರಳಬಹುದು. ನೆರೆಮನೆಯವರಿಗೆ ಗುಣವಾಯಿತೆಂದು ಸ್ಟಿರಾಯ್ಡ್ ಹನಿ ತಂದು ಹಾಕಿಕೊಳ್ಳುವುದಂತೂ ಅಪಾಯಕರ. ದೀರ್ಘಕಾಲ ಬಳಸಿದರೆ ಗ್ಲಾಕೋಮಾ, ಕಣ್ಣಿನ ಪೊರೆ ಎರಡೂ ಬರಬಹುದು.

ನೋವು, ಬೆಳಕು ಸಹಿಸಲಾಗದಿರುವುದು, ಕೀವು ಅಥವಾ ದೃಷ್ಟಿ ಮಂದವಾಗುವಿಕೆ ಕಂಡರೆ ತಡಮಾಡದೆ ನೇತ್ರತಜ್ಞರನ್ನು ಕಾಣಬೇಕು. ಹನಿಯಿಂದ ಕೆಲವು ವಾರಗಳಲ್ಲೂ ಗುಣ ಕಾಣದಿದ್ದರೆ ಅವರು ಶರ್ಮರ್ ಪರೀಕ್ಷೆ ಮಾಡಬಹುದು. ಕೆಳರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ, ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ಅಳೆಯುವ ಈ ಪರೀಕ್ಷೆಯಲ್ಲಿ 5 ಮಿಲಿಮೀಟರಿಗಿಂತ ಕಡಿಮೆ ಬಂದರೆ ಕಣ್ಣೀರಿನ ಕೊರತೆ ತೀವ್ರವಾಗಿದೆಯೆಂದು ಅರ್ಥ. ಅಂಥವರಿಗೆ ಸೈಕ್ಲೋಸ್ಪೋರಿನ್ ಹನಿಯಂತಹ ಬೇರೆ ಚಿಕಿತ್ಸೆ ಬೇಕಾಗಬಹುದು.